ಬದಲಿ ಪೈಲಟ್ ಸಿಗ್ತಾರಾ?

ಪೈಲಟ್‌ಗಳು ಮುಷ್ಕರ ಹೂಡಿದರೆ ಬೇರೆಯವರನ್ನು ಕೂರಿಸಿದರಾಯ್ತು ಅನ್ನೋರು 1989ರ ಆಸ್ಟ್ರೇಲಿಯಾ ನೋಡಬೇಕು. ಆಗಸ್ಟ್‌ನಲ್ಲಿ 1,600ಕ್ಕೂ ಹೆಚ್ಚು ಪೈಲಟ್‌ಗಳು ಒಟ್ಟಿಗೇ ರಾಜೀನಾಮೆ ಕೊಟ್ಟರು. ಪ್ರಧಾನಿ ಬಾಬ್ ಹಾಕ್ ವಾಯುಪಡೆಯನ್ನೇ ಕೆಲಸಕ್ಕೆ ಹಚ್ಚಿದರು. ಜನ ಹರ್ಕ್ಯುಲಿಸ್ ಸರಕು ವಿಮಾನದಲ್ಲೂ ಹೋದರು. ಹೊರದೇಶದ ವಿಮಾನಗಳು ಸಿಬ್ಬಂದಿ ಸಮೇತ ಬಾಡಿಗೆಗೆ ಬಂದವು. ಕೊನೆಗೆ ಕಂಪನಿಗಳೇ ಗೆದ್ದವು, ಆದರೆ ಹಳಿಗೆ ಬರಲು ತಿಂಗಳುಗಳೇ ಹಿಡಿದವು.

ಲೈಸೆನ್ಸ್ ಇದ್ದರಷ್ಟೇ ಸಾಲದು, ಆ ಮಾದರಿಯ ವಿಮಾನಕ್ಕೆ ಟೈಪ್ ರೇಟಿಂಗ್, ಅಂದರೆ ಅದಕ್ಕೇ ಪ್ರತ್ಯೇಕ ಅರ್ಹತೆ, ಬೇಕು. ಬೋಯಿಂಗ್ 737 ಹಾರಿಸುವವರು ನೇರವಾಗಿ ಏರ್‌ಬಸ್ ಎ320 ಹಾರಿಸುವಂತಿಲ್ಲ. ಕೆಲವು ವಾರ ಪಾಠ, ಆಮೇಲೆ ಸಿಮ್ಯುಲೇಟರ್‌ನಲ್ಲಿ (ನೆಲದ ಮೇಲಿನ ನಕಲಿ ಕಾಕ್‌ಪಿಟ್) ನಾಲ್ಕು ನಾಲ್ಕು ಗಂಟೆಯ ಅಭ್ಯಾಸ, ಅದೂ ಒಂದು ಸಲಕ್ಕೆ ಇಬ್ಬರಿಗೇ. ನಂತರ ತರಬೇತುದಾರ ಕ್ಯಾಪ್ಟನ್ ಪಕ್ಕ ಕೂತು ಪ್ರಯಾಣಿಕರಿರುವ ಹಾರಾಟ. ಆ ತರಬೇತುದಾರರೂ ಸಾಮಾನ್ಯವಾಗಿ ಮುಷ್ಕರದ ಕಡೆಯೇ ಇರ್ತಾರೆ, ಅಸಲಿ ಗಂಟು ಅದೇ. ಆಫೀಸಿನಲ್ಲಿ ಕೂತ ಮ್ಯಾನೇಜರ್ ಪೈಲಟ್‌ಗಳಿಂದ ಒಂದಷ್ಟು ವಿಮಾನ ಹಾರಿಸಬಹುದು, ಇಡೀ ವೇಳಾಪಟ್ಟಿ ನಡೆಸಲಾಗದು. ಅವರೂ 90 ದಿನದೊಳಗೆ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರದಿದ್ದರೆ ಮೊದಲು ಸಿಮ್ಯುಲೇಟರ್‌ಗೇ ಹೋಗಬೇಕು.

ಅಮೆರಿಕದ ಕಾಂಟಿನೆಂಟಲ್ ವಿಮಾನ ಕಂಪನಿ 1983ರ ಮುಷ್ಕರದಲ್ಲಿ ಬದಲಿಯವರಿಂದ ಹಾರಿಸಿತು ನಿಜ. ಆದರೆ ಆಗ ಬ್ರ್ಯಾನಿಫ್ ಅನ್ನೋ ಇನ್ನೊಂದು ವಿಮಾನ ಕಂಪನಿ ಮುಳುಗಿ, ಕೆಲಸ ಹುಡುಕುತ್ತಿದ್ದ ಅನುಭವಿ ಪೈಲಟ್‌ಗಳು ಊರ ತುಂಬ ಇದ್ದರು.