ಧ್ವನಿ ಒಬ್ಬರದು, ಹೆಸರು ಇನ್ನೊಬ್ಬರದು

ಈ ವಾರ ನಡೆದ ಅಣಕು ಕಾರ್ಯಾಚರಣೆಯಲ್ಲಿ ಯಾರಿಗೂ ಏನೂ ಆಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಗೆಯನ್ನು ಉಗುಳಿದ್ದು ಯಂತ್ರ. ಕಟ್ಟಡದೊಳಗೆ ಸಿಕ್ಕಿಬಿದ್ದ ಅಗ್ನಿಶಾಮಕ ಸಿಬ್ಬಂದಿ ಸಿಕ್ಕಿಬಿದ್ದವನಂತೆ ನಟಿಸಲು ಒಪ್ಪಿದ ಹುಡುಗ. ಹೀಗಿದ್ದರೂ ಅಂದು ರೇಡಿಯೊದಲ್ಲಿ ಕೇಳಿಬಂದ ಎರಡು ಸಾಲಿನ ಸಂಭಾಷಣೆ ನನ್ನನ್ನು ಬಿಡುತ್ತಿಲ್ಲ. ಕಂಟ್ರೋಲ್‌ ರೂಮಿನಲ್ಲಿ ನಿರ್ವಾಹಕಿಯ ಪಕ್ಕದ ಕುರ್ಚಿಯಲ್ಲಿ ವೀಕ್ಷಕನಾಗಿ ಕುಳಿತು ನಾನು ಅದನ್ನು ಕೇಳಿಸಿಕೊಂಡೆ.

"ತುರ್ತು ಸಂಕೇತ ಬಂದಿದೆ, ನೀವು ಅಪಾಯದಲ್ಲಿದ್ದೀರಾ? ಓವರ್."

"ಇಲ್ಲ ಮೇಡಂ, ನಾನು ಕ್ಷೇಮವಾಗಿದ್ದೇನೆ. ಗುಂಡಿ ಅಕಸ್ಮಾತ್‌ ಒತ್ತಿಹೋಗಿರಬೇಕು. ಓವರ್."

ಕೇಳಿದ ಪ್ರಶ್ನೆ ಸರಿಯಾಗಿತ್ತು. ಉತ್ತರ ಕೊಟ್ಟ ಹಿರಿಯರು ನಿಜವಾಗಿಯೂ ಕ್ಷೇಮವಾಗಿದ್ದರು. ನಿರ್ವಾಹಕಿ ನಿಯಮದಂತೆ ಸಂಕೇತವನ್ನು ರದ್ದುಪಡಿಸಿದರು. ಅದೇ ಹೊತ್ತಿಗೆ ಆ ಹಿರಿಯರಿಂದ ಒಂದೇ ಒಂದು ಗೋಡೆಯ ಆಚೆ, ತನ್ನ ಭುಜದ ಮೈಕಿನ ಕಿತ್ತಳೆ ಬಣ್ಣದ ಗುಂಡಿಯನ್ನು ಒತ್ತಿ, ಮಾತನಾಡಕೂಡದು ಎಂಬ ಸೂಚನೆಯಂತೆ ಬಾಯಿ ಮುಚ್ಚಿ ಬಿದ್ದುಕೊಂಡಿದ್ದ ಹುಡುಗ ತನ್ನನ್ನು ಹುಡುಕಿಕೊಂಡು ಜನ ಹೊರಟಿದ್ದಾರೆಂದು ನಂಬಿದ್ದ.

ಅಂದಿನ ಕಾರ್ಯಾಚರಣೆಯ ಉದ್ದೇಶವೇ ಹೊಸದಾಗಿ ತರಿಸಿದ ತಂತಿರಹಿತ ಭುಜದ ಮೈಕ್‌ ಮತ್ತು ಇಯರ್‌ಪೀಸ್‌ಗಳನ್ನು ಪರೀಕ್ಷಿಸುವುದಾಗಿತ್ತು. ಸೊಂಟದಲ್ಲಿ ಅಥವಾ ಕೋಟಿನ ಒಳಜೇಬಿನಲ್ಲಿ ರೇಡಿಯೊ ಸೆಟ್‌ ಇರುತ್ತದೆ. ಕಾಲರಿನ ಬಳಿ ಸಿಕ್ಕಿಸಿಕೊಂಡ ಮೈಕ್‌ ಅದರೊಂದಿಗೆ ಬ್ಲೂಟೂತ್‌ ಮೂಲಕ ಮಾತನಾಡುತ್ತದೆ. ಸೆಟ್‌ ಅನ್ನು ಕೋಟಿನೊಳಗೆ ಇಡುವುದಕ್ಕೆ ಗಟ್ಟಿಯಾದ ಕಾರಣವಿದೆ. ಅಮೆರಿಕದ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆ ಎನ್‌ಐಎಸ್‌ಟಿ 2006ರಲ್ಲಿ ಪ್ರಕಟಿಸಿದ ವರದಿಗಾಗಿ ಕೈ ರೇಡಿಯೊಗಳನ್ನು 260 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಒಡ್ಡಿ ನೋಡಿದಾಗ, ಬಿಸಿಗೆ ನೇರವಾಗಿ ತೆರೆದಿಟ್ಟ ಸೆಟ್‌ಗಳು ಸೋತವು, ರಕ್ಷಣಾ ಉಡುಪಿನ ಜೇಬಿನಲ್ಲಿದ್ದವು ತಾಳಿಕೊಂಡವು. ಆದ್ದರಿಂದ ಸೆಟ್‌ ಒಳಗಿರಬೇಕು, ಮಾತು ಮಾತ್ರ ಹೊರಗಿನಿಂದ ಹೋಗಬೇಕು. ಈ ಎರಡರ ನಡುವೆ ಇಷ್ಟು ಕಾಲ ಸುರುಳಿ ಸುರುಳಿಯಾದ ತಂತಿಯೊಂದಿತ್ತು.

ಆ ತಂತಿಯ ಮೇಲೆ ನನಗೆ ಯಾವ ವ್ಯಾಮೋಹವೂ ಇಲ್ಲ. ತೆವಳಿಕೊಂಡು ಹೋಗುವವರ ತಂತಿ ಮುರಿದ ಪೀಠೋಪಕರಣಕ್ಕೆ ಸಿಕ್ಕಿಕೊಳ್ಳುತ್ತದೆ. ವಾಹನದಿಂದ ಇಳಿಯುವವರ ತಂತಿ ಬಾಗಿಲಿನ ಹಿಡಿಗೆ ಸಿಕ್ಕಿಕೊಳ್ಳುತ್ತದೆ. ಗಾಯಾಳುವಿನ ಮೇಲೆ ಬಾಗಿದ ಆಂಬುಲೆನ್ಸ್‌ ಸಿಬ್ಬಂದಿಯ ತಂತಿ ರಕ್ತದಲ್ಲಿ ಅದ್ದಿಹೋಗುತ್ತದೆ. ಪೊಲೀಸರೊಂದಿಗೆ ಕೈಕೈ ಮಿಲಾಯಿಸುವವನಿಗೆ ಹಿಡಿದು ಜಗ್ಗಲು ಅದಕ್ಕಿಂತ ಅನುಕೂಲವಾದ ಹಗ್ಗ ಬೇರೆ ಸಿಗಲಾರದು. ತಂತಿಯೊಳಗಿನ ಎಳೆಗಳು ಬಿಸಿಗೋ ಬಳಕೆಗೋ ಸವೆದು ಒಂದಕ್ಕೊಂದು ತಾಗಿದರೆ ಸೆಟ್‌ ತಾನಾಗಿ ಪ್ರಸಾರಕ್ಕೆ ನಿಂತು ಇಡೀ ಚಾನೆಲ್‌ ಅನ್ನು ಮುಚ್ಚಿಬಿಡುವುದೂ ಉಂಟು. ಇನ್ನು ಇಯರ್‌ಪೀಸಿನ ಉಪಯೋಗವನ್ನು ಬಲ್ಲವರೇ ಬಲ್ಲರು. ಗಾಯಾಳುವಿನ ಸ್ಥಿತಿಯ ಬಗ್ಗೆ ಕಂಟ್ರೋಲ್‌ ರೂಮು ಹೇಳುವ ಮಾತು ಅವರ ಮನೆಯವರ ಎದುರಿನಲ್ಲಿ ಸ್ಪೀಕರಿನಿಂದ ಸಿಡಿಯುವುದು ಎಷ್ಟು ಕ್ರೂರವೆಂಬುದನ್ನು ನಾನು ನೋಡಿದ್ದೇನೆ. ಅವಿತುಕೊಂಡವನನ್ನು ಹುಡುಕುತ್ತ ಕತ್ತಲಲ್ಲಿ ನಡೆಯುತ್ತಿರುವ ಪೊಲೀಸರಿಗಂತೂ ತೆರೆದ ಸ್ಪೀಕರ್‌ ಎಂದರೆ ತಾವು ನಿಂತ ಜಾಗವನ್ನು ತಾವೇ ಕೂಗಿ ಹೇಳಿದಂತೆ. ಹೀಗಾಗಿ ಸರಬರಾಜುದಾರ ಸಂಸ್ಥೆಯ ಪ್ರತಿನಿಧಿ "ತಂತಿಯ ಕಾಲ ಮುಗಿಯಿತು ಸರ್" ಎಂದು ಮತ್ತೆ ಮತ್ತೆ ಹೇಳುತ್ತಿದ್ದಾಗ ನಾನು ತಲೆಯಾಡಿಸುತ್ತಲೇ ಇದ್ದೆ. ಅವರು ಕೆಟ್ಟವರಲ್ಲ, ಮಾರುವುದರಲ್ಲಿ ಸ್ವಲ್ಪ ಹೆಚ್ಚು ಉತ್ಸಾಹಿ, ಅಷ್ಟೇ. ಮೈಕನ್ನು ಬಕೆಟ್‌ ನೀರಿನಲ್ಲಿ ಮುಳುಗಿಸಿ, ಒಂದು ಮೀಟರ್‌ ಆಳದಲ್ಲಿ 30 ನಿಮಿಷ ತಾಳಿಕೊಳ್ಳಬಲ್ಲ ಐಪಿ67 ದರ್ಜೆ ಅದಕ್ಕಿದೆ ಎಂದು ತೋರಿಸಿದರು. ಕೈಗವಸು ತೊಟ್ಟ ಬೆರಳಿಗೂ ಸಿಗುವಂತಹ ದೊಡ್ಡ ಗುಂಡಿಯನ್ನು ತೋರಿಸಿದರು. ಯಾವ ಮೈಕ್‌ ಯಾವ ಸೆಟ್ಟಿಗೆ ಸೇರಿದೆ ಎಂಬುದನ್ನು ಹೇಗೆ ತಿಳಿಯುವುದು ಎಂದು ಅಲ್ಲಿದ್ದ ಯಾರೂ ಕೇಳಲಿಲ್ಲ, ಅವರೂ ತೋರಿಸಲಿಲ್ಲ.

ನಡೆದದ್ದು ಇಷ್ಟು. ಹಿಂದಿನ ಪಾಳಿಯಲ್ಲಿ ಬಳಸಿದ ಮೈಕ್‌ಗಳನ್ನು ಸಾಲು ಚಾರ್ಜರಿನಲ್ಲಿ ಇಟ್ಟಿದ್ದರು. ಎಲ್ಲವೂ ಒಂದೇ ಕಪ್ಪು, ಒಂದೇ ಗಾತ್ರ. ಬೆಳಿಗ್ಗೆ ಬಂದ ಹಿರಿಯರು ಕೈಗೆ ಸಿಕ್ಕ ಮೈಕನ್ನು ತೆಗೆದುಕೊಂಡರು, ಹುಡುಗ ಅದರ ಪಕ್ಕದ್ದನ್ನು ತೆಗೆದುಕೊಂಡ. ಒಮ್ಮೆ ಜೋಡಣೆಯಾದ ಸೆಟ್ಟನ್ನು ಮೈಕ್‌ ನೆನಪಿಟ್ಟುಕೊಂಡು, ಮುಂದಿನ ಬಾರಿ ಚಾಲೂ ಮಾಡಿದಾಗ ಅದನ್ನೇ ಹುಡುಕಿ ಸೇರಿಕೊಳ್ಳುತ್ತದೆ. ಅದು ಅದರ ದೊಡ್ಡ ಗುಣವೆಂದೇ ಕೈಪಿಡಿಯಲ್ಲಿ ಬರೆದಿದೆ. ಹಿರಿಯರ ಭುಜದ ಮೈಕ್‌ ಹುಡುಗನ ಸೊಂಟದ ಸೆಟ್ಟನ್ನೂ, ಹುಡುಗನ ಮೈಕ್‌ ಹಿರಿಯರ ಸೆಟ್ಟನ್ನೂ ಸೇರಿಕೊಂಡವು. ಇಬ್ಬರೂ ಅಕ್ಕಪಕ್ಕದಲ್ಲಿ ನಿಂತಿದ್ದರಿಂದ ಎರಡು ಕಡೆಯೂ ಜೋಡಣೆಯ ಟೋನ್‌ ಸರಿಯಾಗಿಯೇ ಕೇಳಿಸಿತು. ಪಾಳಿಯ ಆರಂಭದ ರೇಡಿಯೊ ತಪಾಸಣೆಯಲ್ಲಿ ಇಬ್ಬರೂ ಗುಂಡಿ ಒತ್ತಿ ಮಾತನಾಡಿದರು, "ಧ್ವನಿ ಸ್ಪಷ್ಟವಾಗಿದೆ" ಎಂಬ ಉತ್ತರವೂ ಬಂತು. ಧ್ವನಿ ನಿಜವಾಗಿಯೂ ಸ್ಪಷ್ಟವಾಗಿತ್ತು. ಸಾಂಪ್ರದಾಯಿಕ ಬ್ಲೂಟೂತ್‌ 2.4 ಗಿಗಾಹರ್ಟ್ಸ್‌ ಪಟ್ಟಿಯಲ್ಲಿ ಸೆಕೆಂಡಿಗೆ 1600 ಬಾರಿ ತನ್ನ ಆವರ್ತನವನ್ನು ಬದಲಿಸುತ್ತ ಸಾಗುವುದರಿಂದ ಅಕ್ಕಪಕ್ಕದ ಮೈಕ್‌ಗಳ ಮಾತು ಕಲಸಿಹೋಗುವುದು ಅಪರೂಪ. ಬೇರೆಯವರು ಕದ್ದು ಕೇಳದಂತೆ ಗೂಢಲಿಪಿಯ ರಕ್ಷಣೆಯೂ ಇತ್ತು. ತಪ್ಪಾದ ಸೆಟ್ಟಿನೊಂದಿಗೆ ಮೈಕ್‌ ಅತ್ಯಂತ ನಿಷ್ಠೆಯಿಂದ, ಅತ್ಯಂತ ಗೋಪ್ಯವಾಗಿ ಕೆಲಸ ಮಾಡುತ್ತಿತ್ತು.

ಕಂಟ್ರೋಲ್‌ ರೂಮಿನ ಪರದೆಯ ಮೇಲೆ ಹೆಸರು ಮೂಡುವುದು ಸೆಟ್ಟಿನ ಗುರುತು ಸಂಖ್ಯೆಯಿಂದ. ಮೈಕ್‌ ಯಾವುದೆಂದು ರೇಡಿಯೊ ಜಾಲಕ್ಕೆ ತಿಳಿಯುವುದೇ ಇಲ್ಲ. ಹುಡುಗ ತುರ್ತು ಗುಂಡಿ ಒತ್ತಿದಾಗ ಪರದೆ ಕೆಂಪಗಾಗಿ ಹಿರಿಯರ ಹೆಸರನ್ನು ತೋರಿಸಿತು. ಸಂಕೇತ ತಲುಪಿತೆಂಬ ಟೋನ್‌ ಮಾತ್ರ ಹಿರಿಯರ ಸೆಟ್ಟಿನಿಂದ ಹೊರಟು ಹುಡುಗನ ಕಿವಿಗೆ ಬಂತು. ಈ ಅಂಶವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಾರ್ಯಾಚರಣೆ ಮುಗಿದ ಮೇಲೆ ಅವನನ್ನು ಕೇಳಿದೆ. "ಟೋನ್‌ ಬಂತಲ್ಲ ಸರ್‌, ಗೊತ್ತಾಗಿದೆ ಅಂದುಕೊಂಡೆ. ಆಮೇಲೆ ಅಣ್ಣ ಕ್ಷೇಮವಾಗಿದ್ದೇನೆ ಅಂದದ್ದೂ ಕೇಳಿಸಿತು. ಅದು ನನ್ನ ವಿಷಯ ಅಂತ ಅನ್ನಿಸಲೇ ಇಲ್ಲ" ಎಂದ. ತನ್ನ ರಕ್ಷಣೆಯ ಕರೆ ರದ್ದಾಗುವುದನ್ನು ಅವನು ತನ್ನ ಕಿವಿಯಿಂದಲೇ ಕೇಳಿಸಿಕೊಂಡಿದ್ದ.

ಮತ್ತೆ ಆ ಸಂಭಾಷಣೆಗೆ ಬರುತ್ತೇನೆ. ನನ್ನನ್ನು ಕಾಡುವುದು ಉತ್ತರದ ಮೊದಲ ಭಾಗವಲ್ಲ, ಎರಡನೆಯದು: "ಗುಂಡಿ ಅಕಸ್ಮಾತ್‌ ಒತ್ತಿಹೋಗಿರಬೇಕು." ಹಿರಿಯರು ಗುಂಡಿ ಒತ್ತಿರಲಿಲ್ಲ. ಒತ್ತಿದ ನೆನಪೂ ಅವರಿಗಿರಲಿಲ್ಲ. ಆದರೂ ಯಂತ್ರ ತಮ್ಮ ಹೆಸರು ಹೇಳಿತೆಂದ ಕೂಡಲೇ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡು ಕಂಟ್ರೋಲ್‌ ರೂಮಿನ ಕೆಲಸವನ್ನು ಹಗುರ ಮಾಡಿಕೊಟ್ಟರು. ಅವರು ಒಳ್ಳೆಯ ಕೆಲಸಗಾರರು. ಚಾನೆಲ್‌ ಅನ್ನು ವ್ಯರ್ಥವಾಗಿ ಹಿಡಿದಿಡಬಾರದು, ವಾದ ಮಾಡಬಾರದು, ಚುಟುಕಾಗಿ ಉತ್ತರಿಸಬೇಕು ಎಂದು ವರ್ಷಗಟ್ಟಲೆ ಕಿರಿಯರಿಗೆ ಕಲಿಸಿದವರು. "ನಾನು ಒತ್ತಿಲ್ಲವಲ್ಲ" ಎಂಬ ಒಂದು ಮಾತು ಅವರ ಬಾಯಿಂದ ಬಂದಿದ್ದರೆ ನಿರ್ವಾಹಕಿಯ ಕೈ ರದ್ದು ಗುಂಡಿಯ ಮೇಲೆ ತಡೆಯುತ್ತಿತ್ತು. ಸೋಮಾರಿಯೊಬ್ಬ, ಜಗಳಗಂಟನೊಬ್ಬ ಆ ಜಾಗದಲ್ಲಿದ್ದಿದ್ದರೆ ಆ ಮಾತು ಖಂಡಿತವಾಗಿ ಬರುತ್ತಿತ್ತು. ಶಿಸ್ತಿನ ಮನುಷ್ಯನ ಸೌಜನ್ಯವೇ ಇಲ್ಲಿ ಯಂತ್ರದ ತಪ್ಪಿಗೆ ಮುಸುಕು ಹಾಕಿತು.

ಇದಕ್ಕೆ ಹಿನ್ನೆಲೆಯೂ ಇದೆ. ತುರ್ತು ಗುಂಡಿ ಅಕಸ್ಮಾತ್‌ ಒತ್ತಿಹೋಗುವುದು ಈ ಕೆಲಸದಲ್ಲಿ ದಿನನಿತ್ಯದ ಸಂಗತಿ. ಭುಜದ ಮೈಕ್‌ ಗೋಡೆಗೆ ಒರೆಸುತ್ತದೆ, ಸೀಟ್‌ ಬೆಲ್ಟಿಗೆ ತಾಗುತ್ತದೆ, ಬೆನ್ನಿಗೆ ಬಿಎ ಸೆಟ್‌ (ಹೊಗೆಯಲ್ಲಿ ಉಸಿರಾಡಲು ಗಾಳಿ ಒದಗಿಸುವ ಸಾಧನ) ಏರಿಸುವಾಗ ಅದರ ಪಟ್ಟಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ನಿರ್ವಾಹಕರು ಪ್ರತಿ ಸಂಕೇತವನ್ನೂ ನಿಜವೆಂದೇ ಎತ್ತಿಕೊಳ್ಳುತ್ತಾರಾದರೂ, ಬಹುತೇಕ ಬಾರಿ ಬರುವ ಉತ್ತರ ಯಾವುದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ಬರಬೇಕಾದ ಉತ್ತರವೇ ಬಂದಾಗ ಯಾರು ಅನುಮಾನಿಸುತ್ತಾರೆ?

ಅಂದು ಅನುಮಾನಿಸಿದವರು ಒಬ್ಬರೇ, ಆ ನಿರ್ವಾಹಕಿ. ಸಂಕೇತವನ್ನು ರದ್ದುಪಡಿಸಿದ ಮೇಲೂ ಅವರು ಪರದೆಯನ್ನೇ ನೋಡುತ್ತಿದ್ದರು. ಹಿರಿಯರು ಉತ್ತರಿಸಿದ್ದು ತಮ್ಮ ಭುಜದ ಮೈಕಿನಿಂದ, ಅಂದರೆ ಹುಡುಗನ ಸೆಟ್ಟಿನ ಮೂಲಕ. ಹಾಗಾಗಿ ಆ ಉತ್ತರದ ಪಕ್ಕದಲ್ಲಿ ಪರದೆ ಬರೆದುಕೊಂಡ ಹೆಸರು ಹುಡುಗನದಾಗಿತ್ತು. ಕಿವಿ ಒಂದನ್ನು ಹೇಳುತ್ತಿತ್ತು, ಕಣ್ಣು ಇನ್ನೊಂದನ್ನು. ನಾನೂ ಅದೇ ಪರದೆಯ ಎದುರು ಕುಳಿತಿದ್ದೆ. ಪರಿಚಿತ ಧ್ವನಿ ಕೇಳಿದ ಮೇಲೆ ಹೆಸರನ್ನು ಓದುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ಅವರು ಹಿಂದೆ ನಿಂತಿದ್ದ ಮೌಲ್ಯಮಾಪಕ ಅಧಿಕಾರಿಯತ್ತ ತಿರುಗಿ, "ಸರ್‌, ಧ್ವನಿ ಇವರದು, ಹೆಸರು ಅವರದು" ಎಂದರು. "ಪರದೆಯದ್ದೇನೋ ತೊಂದರೆ ಇರಬೇಕು, ಮುಂದುವರಿಸಿ" ಎಂದರು ಅಧಿಕಾರಿ. ಅವರ ಬಗ್ಗೆ ನನಗೆ ಗೌರವವಿದೆ, ಆದರೆ ಆ ಗಳಿಗೆಯಲ್ಲಿ ಅವರ ಗಮನವೆಲ್ಲ ಗಡಿಯಾರದ ಮೇಲಿತ್ತು, ಕಾರ್ಯಾಚರಣೆ ಹೊತ್ತಿಗೆ ಸರಿಯಾಗಿ ಮುಗಿಯಬೇಕೆಂಬ ಆತುರದಲ್ಲಿತ್ತು. ನಿರ್ವಾಹಕಿ ಮುಂದುವರಿಸಲಿಲ್ಲ. ಹುಡುಗನ ಹೆಸರು ಹಿಡಿದು ಕರೆದರು, ಉತ್ತರ ಬರಲಿಲ್ಲ; ಮತ್ತೆ ಕರೆದರು, ಬರಲಿಲ್ಲ. ಬಾಗಿಲಲ್ಲಿ ಒಳಹೋದವರ ಲೆಕ್ಕ ಇಟ್ಟುಕೊಂಡಿದ್ದವರಿಗೆ ವಿಷಯ ತಿಳಿಸಿದರು. ಅಲ್ಲಿಂದ ಸೂಚನೆ ಹಿರಿಯರಿಗೆ ಹೋಯಿತು, ಅವರು ಗೋಡೆ ಬಳಸಿ ಪಕ್ಕದ ಕೋಣೆಗೆ ಹೋಗಿ ಹುಡುಗನ ಕಾಲನ್ನು ಎಡವಿದರು.

ನಿಜವಾದ ಬೆಂಕಿಯಲ್ಲಾದರೆ ಪಾಸ್‌ ಅಲಾರಂ ಇರುತ್ತಿತ್ತು ಎಂದು ಯಾರಾದರೂ ಹೇಳಬಹುದು. ಬಿಎ ಸೆಟ್‌ ತೊಟ್ಟವರು ಸುಮಾರು 30 ಸೆಕೆಂಡು ಅಲುಗಾಡದೆ ಇದ್ದರೆ ಅದು ಕಿವಿ ಒಡೆಯುವಂತೆ ಕಿರುಚತೊಡಗುತ್ತದೆ. ಅಂದು ರೇಡಿಯೊ ಒಂದನ್ನೇ ಪರೀಕ್ಷಿಸಬೇಕೆಂದು ಅದನ್ನು ಆಫ್‌ ಮಾಡಿದ್ದರು. ಆದರೆ ಆಂಬುಲೆನ್ಸಿನವರ ಬಳಿ, ಪೊಲೀಸರ ಬಳಿ ಆ ಅಲಾರಂ ಇರುವುದಿಲ್ಲ. ಅವರಿಗಿರುವುದು ಈ ಕಿತ್ತಳೆ ಗುಂಡಿಯೇ. ಅಗ್ನಿ ಸುರಕ್ಷತೆಗಾಗಿ ಇರುವ ಅಮೆರಿಕದ ಎನ್‌ಎಫ್‌ಪಿಎ ಸಂಸ್ಥೆ ಅಪಾಯದ ವಲಯದಲ್ಲಿ ಬಳಸುವ ಕೈ ರೇಡಿಯೊ ಮತ್ತು ಅದರ ಸ್ಪೀಕರ್‌ ಮೈಕಿಗೆಂದೇ 1802 ಸಂಖ್ಯೆಯ ಮಾನದಂಡವನ್ನು ರೂಪಿಸಿ 2021ರ ಆವೃತ್ತಿಯಾಗಿ ಹೊರತಂದಿತು. ಬಿಸಿ, ನೀರು, ಪೆಟ್ಟು ಇವನ್ನೆಲ್ಲ ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. ಚಾರ್ಜರಿನಿಂದ ಯಾರ ಕೈ ಯಾವ ಮೈಕನ್ನು ಎತ್ತುತ್ತದೆ ಎಂಬುದು ಮಾತ್ರ ಠಾಣೆಯಲ್ಲೇ, ಪಾಳಿ ಬದಲಾಗುವ ಗಡಿಬಿಡಿಯಲ್ಲೇ ತೀರ್ಮಾನವಾಗುವ ಸಂಗತಿ.

ತಂತಿ ಇದ್ದಾಗ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಹೊಗೆಯಲ್ಲೂ ಕತ್ತಲಲ್ಲೂ ತಂತಿಯ ಮೇಲೆ ಕೈಯಾಡಿಸುತ್ತ ಹೋದರೆ ಅದು ನಮ್ಮದೇ ಸೊಂಟಕ್ಕೆ ಬಂದು ಮುಟ್ಟುತ್ತಿತ್ತು. ಮೈಕ್‌ ಯಾರದೋ ಸೆಟ್‌ ಕೂಡ ಅವರದೇ, ಸೆಟ್‌ ಯಾರದೋ ಪರದೆಯ ಮೇಲಿನ ಹೆಸರು ಕೂಡ ಅವರದೇ. ತಂತಿಯನ್ನು ತೆಗೆದವರು ಅದರ ತೊಂದರೆಗಳ ಪಟ್ಟಿ ಮಾಡಿ ಒಂದೊಂದನ್ನೂ ನಿವಾರಿಸಿದರು. ಅದು ಸದ್ದಿಲ್ಲದೆ ಮಾಡುತ್ತಿದ್ದ ಈ ಕೆಲಸ ಯಾವ ಪಟ್ಟಿಯಲ್ಲೂ ಇರಲಿಲ್ಲವಾದ್ದರಿಂದ ಅದನ್ನು ಇನ್ಯಾರಿಗಾದರೂ ವಹಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪ್ರತಿನಿಧಿಯವರ ಮಾತಿನ ಪ್ರಕಾರ ಬೇಕಾದ ಸೌಕರ್ಯಗಳೆಲ್ಲ ಉಪಕರಣದಲ್ಲೇ ಇವೆ: ಪಾಳಿ ಮುಗಿದಾಗ ಜೋಡಣೆಯನ್ನು ಅಳಿಸಿಹಾಕಬಹುದು, ಹೊಸ ಪಾಳಿಯವರು ಮೈಕನ್ನು ಸೆಟ್ಟಿಗೆ ತಾಗಿಸಿ ಹೊಸದಾಗಿ ಜೋಡಿಸಿಕೊಳ್ಳಬಹುದು. "ಅಳಿಸಬಹುದು" ಎಂಬುದಕ್ಕೂ "ಅಳಿಸದೆ ಮುಂದಿನವರ ಕೈಗೆ ಹೋಗದು" ಎಂಬುದಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ಅವರಿಗೆ ವಿವರಿಸಲು ಹೋಗಿ ನಾನು ಸೋತೆ.

ಪರಿಹಾರವನ್ನು ಸೂಚಿಸಿದವರೂ ನಿರ್ವಾಹಕಿಯೇ. ಅದಕ್ಕೆ ಖರ್ಚೂ ಇಲ್ಲ, ಹೊಸ ತಂತ್ರಾಂಶವೂ ಬೇಡ. ತಪಾಸಣೆಯಲ್ಲಿ "ಧ್ವನಿ ಸ್ಪಷ್ಟವಾಗಿದೆ" ಎನ್ನುವ ಬದಲು ತನಗೆ ಪರದೆಯಲ್ಲಿ ಕಾಣುವ ಹೆಸರನ್ನು ಓದಿ ಹೇಳುವುದು. ಆ ಹೆಸರು ತನ್ನದಲ್ಲದಿದ್ದರೆ ಮಾತನಾಡಿದವರು ಅಲ್ಲಿಯೇ ತಡೆಯುವುದು. ತುರ್ತು ಸಂಕೇತ ಬಂದಾಗಲೂ ಹೆಸರಿನವರ "ಕ್ಷೇಮ"ಕ್ಕೆ ನಿಲ್ಲದೆ ಅವರ ಜೊತೆಗಾರರನ್ನೂ ಕರೆದು ಕೇಳುವುದು, ಉತ್ತರ ಯಾವ ಹೆಸರಿನಲ್ಲಿ ಬಂತೆಂದು ನೋಡಿಯೇ ರದ್ದುಪಡಿಸುವುದು. ಇದರ ಜೊತೆಗೆ ಸೆಟ್‌ ಮತ್ತು ಮೈಕ್‌ ಎರಡಕ್ಕೂ ಒಂದೇ ಸಂಖ್ಯೆಯ ಪಟ್ಟಿ ಅಂಟಿಸಿ ಚಾರ್ಜರಿನಲ್ಲಿ ಜೋಡಿಯಾಗಿಯೇ ಇಡಬೇಕೆಂದು ಹಿರಿಯರು ಹೇಳಿದರು. ಮರುದಿನ ಬೆಳಿಗ್ಗೆಯೇ ಅವರು ಬಿಳಿ ಬಣ್ಣದ ಟೇಪು ತಂದು ಕುಳಿತಿದ್ದರು, ಹುಡುಗ ಸಂಖ್ಯೆ ಬರೆದುಕೊಡುತ್ತಿದ್ದ.

ನನ್ನ ತಕರಾರು ಉಳಿದಿರುವುದು ವರದಿಯ ಬಗ್ಗೆ. ಕಾರ್ಯಾಚರಣೆಯ ವರದಿಯಲ್ಲಿ ತುರ್ತು ಸಂಕೇತದ ಕಾರಣ ಬರೆಯಲು ಒಂದು ಅಂಕಣವಿದೆ, ಅದರಲ್ಲಿ "ಅಕಸ್ಮಾತ್‌ ಒತ್ತಿದ್ದು" ಎಂದು ಹಿರಿಯರ ಹೆಸರಿನ ಮುಂದೆ ದಾಖಲಾಗಿದೆ. ರೇಡಿಯೊದಲ್ಲಿ ಅವರೇ ಹೇಳಿದ ಮಾತಲ್ಲವೇ, ಧ್ವನಿಮುದ್ರಣವೂ ಇದೆ ಎನ್ನುತ್ತಾರೆ ಅಧಿಕಾರಿ. ಹಿರಿಯರಂತೂ "ಹೋಗಲಿ ಬಿಡಿ ಸರ್‌" ಎಂದು ಆಗಲೇ ಸಹಿ ಹಾಕಿ ಕೊಟ್ಟಿದ್ದಾರೆ. ಆ ಸಾಲನ್ನು ಹೊಡೆದುಹಾಕಿ, ಮೈಕ್‌ ಬೇರೆಯವರ ಸೆಟ್ಟಿಗೆ ಜೋಡಣೆಯಾಗಿತ್ತು ಎಂದು ಬರೆಯಬೇಕೆಂದೂ, ಪರದೆಯಲ್ಲಿ ಮೂಡಿದ ಎರಡು ಹೆಸರುಗಳ ದಾಖಲೆಯನ್ನು ವರದಿಗೆ ಲಗತ್ತಿಸಬೇಕೆಂದೂ ನಾನು ಲಿಖಿತವಾಗಿ ಕೋರಿದ್ದೇನೆ. ನಿರ್ವಾಹಕಿಯೂ ಅದರ ಕೆಳಗೆ ಸಹಿ ಮಾಡಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.