ಹೆಡರ್ ಫೈಲ್ ಯಾವ ಫೋಲ್ಡರ್‌ನಲ್ಲಿ ಇಡೋದು ಅನ್ನೋದು ಸಣ್ಣ ವಿಷ್ಯ ಅಲ್ಲ

ಸಿ ನಲ್ಲಿ ಇಂಟರ್‌ಪ್ರಿಟರ್ (ಬೇರೆ ಭಾಷೆಯ ಪ್ರೋಗ್ರಾಮ್ ಓದಿ ನಡೆಸೋ ಪ್ರೋಗ್ರಾಮ್) ಬರೆಯೋರು ಪಾರ್ಸರ್, ಬೈಟ್‌ಕೋಡ್, ಗಾರ್ಬೇಜ್ ಕಲೆಕ್ಟರ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ, ಹೆಡರ್ ಫೈಲ್ (ಒಂದು ಕೋಡ್‌ನಲ್ಲಿ ಏನೇನಿದೆ ಅಂತ ಬೇರೆ ಕೋಡ್‌ಗೆ ಹೇಳೋ ಫೈಲ್) ಬಗ್ಗೆ ಮಾತ್ರ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ ಮುಂದೆ ಯಾವತ್ತಾದ್ರೂ ಒಳಗಿನ ಡಿಸೈನ್ ಬದಲಾಯಿಸೋಕೆ ಹೋದಾಗ ಕೈ ಕಟ್ಟಿಹಾಕೋದು ಬಹುಪಾಲು ಈ ಹೆಡರ್‌ಗಳೇ.

ಸಿ ನಲ್ಲಿ ಪ್ರೈವೇಟ್ ಅನ್ನೋ ಕೀವರ್ಡೇ ಇಲ್ವಲ್ಲ. ಸ್ಟ್ರಕ್ಟ್ (ಹಲವು ಫೀಲ್ಡ್‌ಗಳನ್ನ ಒಟ್ಟಿಗೆ ಇಡೋ ಡೇಟಾ ರಚನೆ) ಪೂರ್ತಿ ಹೆಡರ್‌ನಲ್ಲಿ ಬರೆದಿಟ್ರೆ ಅದರ ಫೀಲ್ಡ್‌ಗಳಿಗೆ ಯಾರು ಬೇಕಾದ್ರೂ ಕೈ ಹಾಕ್ಬಹುದು, ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕಿ ಇದು ನಮ್ದು ಮುಟ್ಬೇಡಿ ಅಂದ್ರೂ ಕಂಪೈಲ್ ಆಗುತ್ತೆ ಅಂದ್ಮೇಲೆ ಯಾರೋ ಒಬ್ರು ಬಳಸೇ ಬಳಸ್ತಾರೆ, ಆಮೇಲೆ ಅದನ್ನ ತೆಗೆದ್ರೆ ಅವರ ಕೋಡ್ ಮುರಿಯುತ್ತೆ, ಬೈಗುಳ ನಮಗೆ.

ಸಿ ನಲ್ಲಿ ಬರೆದಿರೋ ಪೈಥಾನ್ ಇಂಟರ್‌ಪ್ರಿಟರ್ ಆದ ಸಿಪೈಥಾನ್‌ದೇ ಒಂದು ಉದಾಹರಣೆ ನೋಡಿ. ಲಿಸ್ಟ್‌ನಿಂದ ಐಟಮ್ ತಗೊಳ್ಳೋಕೆ ಅಲ್ಲಿ ಎರಡು ದಾರಿ ಇದೆ. ಒಂದು ಮಾಮೂಲಿ ಫಂಕ್ಷನ್, ಇನ್ನೊಂದು ಹೆಡರ್‌ನಲ್ಲೇ ಬಿಚ್ಚಿಟ್ಟಿರೋ ಗೆಟ್ ಐಟಮ್ ಮ್ಯಾಕ್ರೊ (ಕಂಪೈಲ್ ಆಗೋ ಮುಂಚೆ ಬಳಸಿದ ಜಾಗದಲ್ಲೇ ಬಿಚ್ಚಿಕೊಳ್ಳೋ ಕೋಡ್). ಎರಡನೇದು ಬಳಸಿದ್ರೆ, ಲಿಸ್ಟ್ ಸ್ಟ್ರಕ್ಟ್ ಒಳಗೆ ಅರೇ ಪಾಯಿಂಟರ್ ಎಷ್ಟನೇ ಬೈಟಿಂದ ಶುರುವಾಗುತ್ತೆ ಅನ್ನೋ ಲೆಕ್ಕ ಎಕ್ಸ್‌ಟೆನ್ಶನ್ (ಪೈಥಾನ್‌ಗೆ ಸಿ ನಲ್ಲಿ ಬರೆದ ಹೊರಗಿನ ಮಾಡ್ಯೂಲ್) ಬೈನರಿ ಒಳಗೇ ಕೂತ್ಬಿಡುತ್ತೆ. ನಾಳೆ ಆ ಪಾಯಿಂಟರ್‌ಗಿಂತ ಮುಂಚೆ ಒಂದು ಹೊಸ ಫೀಲ್ಡ್ ಸೇರಿಸಿದ್ರೆ ಹಳೇ ಬೈನರಿ ತಪ್ಪು ಜಾಗದಿಂದ ಓದುತ್ತೆ, ಕಂಪೈಲರ್ ಒಂದು ಮಾತೂ ಹೇಳಲ್ಲ ಯಾಕಂದ್ರೆ ಕಂಪೈಲ್ ಆಗಿದ್ದು ಯಾವತ್ತೋ. ಸ್ಪೀಡ್ ಸಿಗೋದು ನಿಜ, ಆದ್ರೆ ಬೆಲೆ ಇದು.

2011ರ 3.2 ವರ್ಷನ್‌ನಲ್ಲಿ ಲಿಮಿಟೆಡ್ ಎಪಿಐ (ಹೊರಗಿನವರು ನಂಬಿ ಬಳಸಬಹುದಾದ ಫಂಕ್ಷನ್‌ಗಳ ಸೀಮಿತ ಪಟ್ಟಿ) ಬಂತು. ಒಂದು ಮ್ಯಾಕ್ರೊ ಡಿಫೈನ್ ಮಾಡಿದ್ರೆ ಸ್ಥಿರವಲ್ಲದ್ದೆಲ್ಲ ಕಾಣ್ಸಲ್ಲ. ಆದ್ರೆ ಎಲ್ಲಾ ಒಂದೇ ಫೈಲ್‌ನಲ್ಲಿ, ಮಧ್ಯೆ ಮಧ್ಯೆ ಇಫ್‌ಡೆಫ್ (ಮ್ಯಾಕ್ರೊ ಇದ್ಯಾ ಇಲ್ವಾ ನೋಡಿ ಕೋಡ್ ಸೇರಿಸೋ ಇಲ್ಲಾ ಬಿಡೋ ಸಾಲು), ಹೊಸ ಫಂಕ್ಷನ್ ಸೇರಿಸೋರು ಇಫ್‌ಡೆಫ್ ಮರೆತ್ರೆ ಅದು ತಾನಾಗೇ ಪಬ್ಲಿಕ್! ನನ್ನ ಪ್ರಕಾರ ನಿಜವಾದ ಬದಲಾವಣೆ ಅಂದ್ರೆ ಫೋಲ್ಡರ್ ಬೇರೆ ಮಾಡಿದ್ದು. 3.7ರಲ್ಲಿ ಇಂಟರ್ನಲ್ ಫೋಲ್ಡರ್, 2019ರ 3.8ರಲ್ಲಿ ಸಿಪೈಥಾನ್ ಫೋಲ್ಡರ್ ಬಂತು. ಇನ್‌ಕ್ಲೂಡ್ ಫೋಲ್ಡರ್‌ನಲ್ಲಿ ನೇರವಾಗಿ ಇರೋದು ಎಲ್ಲರಿಗೂ, ಸಿಪೈಥಾನ್ ಒಳಗಿರೋದು ಪಬ್ಲಿಕ್ಕೇ ಆದ್ರೂ ವರ್ಷನ್ ಬದಲಾದ್ರೆ ಗ್ಯಾರಂಟಿ ಕಮ್ಮಿ, ಇಂಟರ್ನಲ್‌ಗೆ ಗ್ಯಾರಂಟಿನೇ ಇಲ್ಲ. ಸಿಪೈಥಾನ್ ತನ್ನ ಒಳಗಿನ ಕೋಡ್ ಬಿಲ್ಡ್ ಮಾಡುವಾಗ ಬಳಸೋ ಬಿಲ್ಡ್ ಕೋರ್ ಮ್ಯಾಕ್ರೊ ಇಲ್ದೆ ಇಂಟರ್ನಲ್ ಹೆಡರ್ ಇನ್‌ಕ್ಲೂಡ್ ಮಾಡಿದ್ರೆ ಕಂಪೈಲರ್ ಅಲ್ಲೇ ಎರರ್ ಕೊಟ್ಟು ನಿಲ್ಸುತ್ತೆ. ರಿವ್ಯೂ ಮಾಡೋರಿಗೂ ಫೈಲ್ ಪಾತ್ ನೋಡಿದ್ರೆ ಸಾಕು, ಇದು ಹೊರಗಿನವರಿಗೆ ಕೊಡ್ತಿರೋ ಮಾತಾ ಅಲ್ವಾ ಅಂತ ಗೊತ್ತಾಗುತ್ತೆ.

3.11ರಲ್ಲಿ ಫ್ರೇಮ್ ಸ್ಟ್ರಕ್ಟ್ (ನಡೀತಿರೋ ಒಂದು ಫಂಕ್ಷನ್ ಕಾಲ್‌ನ ವಿವರ ಇಡೋದು) ಕೂಡ ಇಂಟರ್ನಲ್‌ಗೆ ಹೋಯ್ತು, ಅದರ ಫೀಲ್ಡ್ ನೇರ ಓದ್ತಿದ್ದ ಎಕ್ಸ್‌ಟೆನ್ಶನ್‌ಗಳು ಮುರಿದ್ವು, ಗೆಟರ್ ಫಂಕ್ಷನ್‌ಗಳಿಗೆ ಬದಲಾಗ್ಬೇಕಾಯ್ತು. ಕಷ್ಟ ಆಯ್ತು ನಿಜ. ಆದ್ರೆ ಅದೇ ವರ್ಷನ್‌ನಲ್ಲಿ ಪ್ರತಿ ಕಾಲ್‌ಗೂ ಫ್ರೇಮ್ ಆಬ್ಜೆಕ್ಟ್ ಮಾಡೋದನ್ನ ಬಿಟ್ಟು ಬೇಕಾದಾಗ ಮಾತ್ರ ಮಾಡೋ ಹಾಗೆ ಮಾಡಿದ್ರು. ಆ ಸ್ಟ್ರಕ್ಟ್ ಮೊದಲಿಂದ್ಲೂ ಮುಚ್ಚಿದ್ದಿದ್ರೆ ಯಾರಿಗೂ ನೋವೇ ಆಗ್ತಿರ್ಲಿಲ್ಲ ಅಲ್ವಾ?

ಲುವಾ ಅನ್ನೋ ಇನ್ನೊಂದು ಭಾಷೆಯ ಇಂಟರ್‌ಪ್ರಿಟರ್ ನೋಡಿದ್ರೆ ಖುಷಿಯಾಗುತ್ತೆ. ಲುವಾ ಸ್ಟೇಟ್ ಅಂತ ಪಬ್ಲಿಕ್ ಹೆಡರ್‌ನಲ್ಲಿ ಬರೀ ಹೆಸರು ಇದೆ, ಸ್ಟ್ರಕ್ಟ್ ಇರೋದು ಇನ್‌ಸ್ಟಾಲ್ ಆಗದ ಬೇರೆ ಫೈಲ್‌ನಲ್ಲಿ, ವ್ಯಾಲ್ಯೂಗಳನ್ನ ಸ್ಟ್ಯಾಕ್‌ನಲ್ಲಿ ಎಷ್ಟನೇ ಜಾಗ ಅನ್ನೋ ಇಂಡೆಕ್ಸ್‌ನಿಂದ್ಲೇ ಕೇಳ್ಬೇಕು. ಜೊತೆಗೆ ಒಳಗಿನ ಫಂಕ್ಷನ್‌ಗಳಿಗೆ ಒಂದು ಮ್ಯಾಕ್ರೊ ಇದೆ, ಜಿಸಿಸಿ ಥರದ ಕಂಪೈಲರ್‌ಗಳಲ್ಲಿ ಅದು ಸಿಂಬಲ್‌ನೇ (ಲಿಂಕ್ ಮಾಡೋಕೆ ಬಳಸೋ ಫಂಕ್ಷನ್ ಹೆಸರು) ಹೊರಗೆ ಕಾಣ್ದಂಗೆ ಮಾಡುತ್ತೆ. ಇದು ಮುಖ್ಯ, ಯಾಕಂದ್ರೆ ಹೆಡರ್ ಬಚ್ಚಿಟ್ರೂ ಸಿಂಬಲ್ ಎಕ್ಸ್‌ಪೋರ್ಟ್ ಆಗಿದ್ರೆ ಯಾರಾದ್ರೂ ತಾವೇ ಎಕ್ಸ್‌ಟರ್ನ್ (ಈ ಫಂಕ್ಷನ್ ಬೇರೆಡೆ ಇದೆ ಅನ್ನೋ ಸಾಲು) ಬರೆದು ಲಿಂಕ್ ಮಾಡ್ಕೋತಾರೆ.

ನಾನು ಬರೀತಿರೋ ಚಿಕ್ಕ ಇಂಟರ್‌ಪ್ರಿಟರ್‌ನಲ್ಲಿ ಇಂಟರ್ನಲ್ ಹೆಡರ್‌ಗಳು ಸೋರ್ಸ್ ಫೋಲ್ಡರ್ ಬಿಟ್ಟು ಆಚೆ ಬರೋದೇ ಇಲ್ಲ. ಪಬ್ಲಿಕ್ ಹೆಡರ್ ಒಂದನ್ನೇ ಇನ್‌ಕ್ಲೂಡ್ ಮಾಡೋ ಪುಟ್ಟ ಫೈಲ್ ಒಂದನ್ನ ಪ್ರತಿ ಬಿಲ್ಡ್‌ನಲ್ಲೂ ಸಿ ಆಗಿ ಒಂದ್ಸಲ, ಸಿ ಪ್ಲಸ್ ಪ್ಲಸ್ ಆಗಿ ಇನ್ನೊಂದ್ಸಲ, ಇನ್‌ಸ್ಟಾಲ್ ಆದ ಫೋಲ್ಡರ್‌ನಿಂದ್ಲೇ ಕಂಪೈಲ್ ಮಾಡಿಸ್ತೀನಿ. ಪಬ್ಲಿಕ್ ಹೆಡರ್ ಒಳಗೆ ಯಾರಾದ್ರೂ ಇಂಟರ್ನಲ್ ಹೆಡರ್ ಎಳ್ಕೊಂಡ್ರೆ ಬಿಲ್ಡ್ ಅಲ್ಲೇ ಬೀಳುತ್ತೆ.