ಜಾಲಿ ಮುಳ್ಳು, ಕೀವು, ಆಮೇಲೆ ಎಲೆ ಎತ್ತುವವರು

ಹೋದ ತಿಂಗಳು ತೋಟದಲ್ಲಿ ಬರಿಗಾಲಲ್ಲಿ ಓಡಾಡಿ ಹಿಮ್ಮಡಿಗೆ ಜಾಲಿ ಮುಳ್ಳು ಚುಚ್ಚಿಸಿಕೊಂಡೆ. ಪಿನ್ನಿನಲ್ಲಿ ಕಿತ್ತು ಸುಮ್ನೆ ಬಿಟ್ಟೆ. ಮರುದಿನ ಬೆಳಿಗ್ಗೆ ಹಿಮ್ಮಡಿ ಬನ್ನಿನ ಹಾಗೆ ಊದಿತ್ತು. ಅಮ್ಮ ನಂಜಾಗಿದೆ ಅಂತ ಬದನೆಕಾಯಿ ಬಂದ್ ಮಾಡಿದರು. ಐದನೇ ದಿನ ಕೀವು ಹೋಯಿತು, ಬಾವು ಇಳಿಯಿತು, ಚರ್ಮ ಸುಕ್ಕಾಗಿ ಸಿಪ್ಪೆ ಏಳತೊಡಗಿತು.

ಬಾವು ಇಳಿಯುವುದು ಅಂದರೆ ಒಲೆ ಆರಿಸಿದ ಮೇಲೆ ಹಂಚು ತಣ್ಣಗಾದ ಹಾಗೆ ಅಂದುಕೊಂಡಿದ್ದೆ. ಹಾಗಲ್ವಂತೆ. ಅದು ಮದುವೆ ಮನೆಯಲ್ಲಿ ಪಂಕ್ತಿ ಮುಗಿದ ಮೇಲಿನ ಕೆಲಸ. ಯಾರಾದರೂ ಎಲೆ ಎತ್ತಬೇಕು.

ಗಾಯಕ್ಕೆ ಮೊದಲು ನುಗ್ಗುವವು ನ್ಯೂಟ್ರೋಫಿಲ್‌ಗಳು, ಒಂದು ಬಗೆಯ ಬಿಳಿ ರಕ್ತಕಣಗಳು. ಮೂಳೆಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ಹುಟ್ಟಿಸುತ್ತದೆ! ಕೀವಿನ ಹಸಿರು ಛಾಯೆಯೂ ಇವುಗಳದ್ದೇ, ಒಳಗಿರುವ ಮೈಲೋಪೆರಾಕ್ಸಿಡೇಸ್ ಅನ್ನುವ ಕಿಣ್ವದ ಬಣ್ಣ ಅದು. ಆದರೆ ಇವು ಒಡೆದು ಚೆಲ್ಲಿದರೆ ರೋಗಾಣು ಕೊಲ್ಲುವ ಸರಕೆಲ್ಲ ನಮ್ಮ ಮಾಂಸವನ್ನೇ ಸುಡುತ್ತದೆ. ಅದಕ್ಕೇ ಕೆಲಸ ಮುಗಿದ ಮೇಲೆ ಹೆಚ್ಚಿನವು ಒಡೆಯದೆ, ಗಂಟು ಕಟ್ಟಿಕೊಂಡ ಹಾಗೆ ಮುದುಡಿ ಸಾಯುತ್ತವೆ. ಸಾಯುವಾಗ ಕೋಶದ ಪೊರೆಯ ಒಳಮೈಯಲ್ಲಿದ್ದ ಫಾಸ್ಫಟೈಡಿಲ್‌ಸೆರೀನ್ ಅನ್ನುವ ಕೊಬ್ಬು ಹೊರಮೈಗೆ ಬರುತ್ತದೆ. ಎಲೆ ಎತ್ತುವ ಕೆಲಸದ ಮ್ಯಾಕ್ರೋಫೇಜ್ ಅನ್ನುವ ನುಂಗುವ ಕೋಶಕ್ಕೆ ಅದು 'ನನ್ನನ್ನು ನುಂಗು' ಅನ್ನುವ ಚೀಟಿ. ಇಡಿಯಾಗಿ ನುಂಗಿಬಿಡುತ್ತದೆ. ಹೀಗೆ ಮುದುಡಿ ಸತ್ತ ನ್ಯೂಟ್ರೋಫಿಲ್‌ಗಳನ್ನು ಮ್ಯಾಕ್ರೋಫೇಜ್ ನುಂಗುವುದನ್ನು ವಿಜ್ಞಾನಿ ಜಾನ್ ಸ್ಯಾವಿಲ್ ಮತ್ತು ಜೊತೆಗಾರರು 1989ರಲ್ಲಿ ತೋರಿಸಿಕೊಟ್ಟರು.

ನನಗೆ ಜಾಸ್ತಿ ಇಷ್ಟವಾಗಿದ್ದು ಮುಂದಿನದು. ರೋಗಾಣು ನುಂಗಿದಾಗ ಟಿಎನ್‌ಎಫ್ ಅನ್ನುವ ಬಾವೇರಿಸುವ ಸಂಕೇತ ಚೆಲ್ಲಿ ಊರೆಲ್ಲ ಕೂಗಿ ಕರೆಯುವ ಅದೇ ಮ್ಯಾಕ್ರೋಫೇಜ್, ಸತ್ತ ನ್ಯೂಟ್ರೋಫಿಲ್ ನುಂಗಿದ ಮೇಲೆ ಗುಣವನ್ನೇ ಬದಲಿಸಿ ಐಎಲ್-10, ಟಿಜಿಎಫ್-ಬೀಟಾ ಅನ್ನುವ ಬಾವಿಳಿಸುವ ಸಂಕೇತಗಳನ್ನು ಬಿಡುತ್ತಾ ಗಲಾಟೆ ತಣಿಸಿ ರಿಪೇರಿಗೆ ಕೂರುತ್ತದೆ. ತಿಂದ ಊಟ ಸ್ವಭಾವ ಬದಲಿಸಿತು, ಅಲ್ವಾ? ಅತ್ತ ದೇಹವೇ ಕೊಬ್ಬಿನಿಂದ ಮಾಡಿಕೊಳ್ಳುವ ಲಿಪಾಕ್ಸಿನ್ ಅನ್ನುವ ಸಂಕೇತಗಳು ಹೊಸ ನ್ಯೂಟ್ರೋಫಿಲ್ ಬರದ ಹಾಗೆ ಬಾಗಿಲು ಹಾಕುತ್ತವೆ, ಆದರೆ ಎಲೆ ಎತ್ತುವವರನ್ನು ಒಳಗೆ ಬಿಡುತ್ತವೆ. ಇದೇ ಕೆಲಸದ ರಿಸಾಲ್ವಿನ್‌ಗಳನ್ನು ಅಮೆರಿಕದ ಚಾರ್ಲ್ಸ್ ಸೆರ್ಹಾನ್ ತಂಡ ಗುರುತಿಸಿತು. ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬಿನಿಂದ ದೇಹ ಅವನ್ನು ಮಾಡಿಕೊಳ್ಳುತ್ತದೆ. ಹಾಗಂತ ಎರಡು ಬಂಗುಡೆ ತಿಂದರೆ ಬಾವು ಇಳಿದೇಬಿಡುತ್ತದೆ ಅಂತಲ್ಲ.

ಎಲ್ಲ ನ್ಯೂಟ್ರೋಫಿಲ್‌ಗಳೂ ಅಲ್ಲೇ ಸಾಯುವುದಿಲ್ಲ. ಕೆಲವು ಬಂದ ದಾರಿಯಲ್ಲೇ ವಾಪಸ್ ಹೋಗುವುದನ್ನು ಝೀಬ್ರಾಮೀನಿನ ಮರಿಗಳಲ್ಲಿ ಕಣ್ಣಾರೆ ನೋಡಿದ್ದಾರೆ, ಅವುಗಳ ಮೈ ಗಾಜಿನಂತೆ ಪಾರದರ್ಶಕ. ಹೊಟ್ಟೆ ತುಂಬಿದ ಮ್ಯಾಕ್ರೋಫೇಜ್‌ಗಳಲ್ಲೂ ಒಂದಷ್ಟು ದುಗ್ಧನಾಳ (ಲಿಂಫ್ ನಾಳ) ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಹೊರಡುತ್ತವೆ.

ಈಗ ಹಿಮ್ಮಡಿಯಲ್ಲಿ ಒತ್ತಿದರೆ ಸಾಸಿವೆಯಷ್ಟು ಗಟ್ಟಿ ಚುಕ್ಕೆ ಸಿಗುತ್ತದೆ, ಅಷ್ಟೇ. ಅಮ್ಮ ಇನ್ನೂ ಬದನೆಕಾಯಿ ತಂದಿಲ್ಲ.